ಹೋಲಿಕೆ ಹುಟ್ಟಿಸುವ ಅಜೀರ್ಣ

ಕಾಫಿ ಕೊಯ್ಲು ಮುಗಿದು, ಹೂಮಳೆಗಾಗಿ ತೋಟದವರೆಲ್ಲ ಆಕಾಶ ನೋಡುತ್ತಿದ್ದ ದಿನಗಳವು. ಸೋಮವಾರಪೇಟೆಯ ಕಡೆಯ ತಾಯಿಯೊಬ್ಬರು ಪದವಿ ಮುಗಿಸಿದ ಮಗಳನ್ನು ನಮ್ಮ ಚಿಕಿತ್ಸಾಲಯಕ್ಕೆ ಕರೆತಂದರು. ಹಸಿವಿಲ್ಲ, ಉಂಡದ್ದು ಅರಗುವುದಿಲ್ಲ, ಕೂದಲು ಉದುರುತ್ತಿದೆ, ಮುಖ ಕಳೆಗುಂದಿದೆ ಎಂಬುದು ತಾಯಿಯ ದೂರು. ಹುಡುಗಿ ಮಾತನಾಡಲಿಲ್ಲ. ನಾಲಿಗೆಯ ಮೇಲೆ ಬಿಳಿಯ ಲೇಪವಿತ್ತು. ಅಗ್ನಿಮಾಂದ್ಯವೆಂದು ನಿರ್ಣಯಿಸಿ ಚಿತ್ರಕಾದಿ ವಟಿಯನ್ನೂ, ಊಟದ ಮೊದಲ ತುತ್ತಿನಲ್ಲಿ ತುಪ್ಪದೊಡನೆ ಹಿಂಗ್ವಷ್ಟಕ ಚೂರ್ಣವನ್ನೂ ಕೊಟ್ಟೆವು. ಎರಡು ತಿಂಗಳು ಕಳೆದರೂ ಗುಣ ಕಾಣಲಿಲ್ಲ. ಇಷ್ಟು ವರ್ಷ ವೈದ್ಯವೃತ್ತಿ ನಡೆಸಿದ ನಾವು ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯೊಂದನ್ನು ಮೂರನೆಯ ಭೇಟಿಯಲ್ಲಿ ಕೇಳಿದೆವು: "ರಾತ್ರಿ ಎಷ್ಟು ಗಂಟೆಗೆ ಮಲಗುತ್ತೀಯಮ್ಮ?"

ಎರಡಕ್ಕೆ, ಕೆಲವೊಮ್ಮೆ ಮೂರಕ್ಕೆ ಎಂದಳು. ತಾಯಿಯನ್ನು ಹೊರಗೆ ಕೂರಿಸಿದ ಮೇಲೆ ಉಳಿದದ್ದು ಹೊರಬಂತು. ಸಹಪಾಠಿಗಳಲ್ಲಿ ಕೆಲವರು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಾರೆ, ಒಬ್ಬಳು ಕೆನಡಾದಲ್ಲಿದ್ದಾಳೆ, ಇನ್ನೊಬ್ಬಳ ನಿಶ್ಚಿತಾರ್ಥದ ವಿಡಿಯೋವನ್ನು ಸಾವಿರಾರು ಜನ ನೋಡಿದ್ದಾರೆ. ಈಕೆ ಮನೆಯಲ್ಲಿದ್ದು ತೋಟದ ಲೆಕ್ಕ ಬರೆಯುತ್ತಾಳೆ. ತನ್ನದೊಂದು ಚಿತ್ರ ಹಾಕಿ, ಯಾರು ಮೆಚ್ಚಿದರೆಂದು ಗಳಿಗೆಗೊಮ್ಮೆ ನೋಡಿ, ಅರ್ಧ ಗಂಟೆಯಲ್ಲಿ ಅಳಿಸಿಬಿಟ್ಟಿದ್ದಾಳೆ. "ನನ್ನಲ್ಲೇ ಏನೋ ಕಮ್ಮಿ ಇದೆ ಡಾಕ್ಟ್ರೇ" ಎಂದಳು. ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇವೆ.

ನಮ್ಮ ಚೂರ್ಣ ಏಕೆ ಸೋತಿತೆಂಬುದಕ್ಕೆ ಚರಕಸಂಹಿತೆಯ ವಿಮಾನಸ್ಥಾನದ ಎರಡನೆಯ ಅಧ್ಯಾಯದಲ್ಲಿ ಉತ್ತರವಿದೆ. ಹಿತವಾದ ಆಹಾರವನ್ನು ಮಿತವಾಗಿ ಉಂಡರೂ ಚಿಂತೆ, ಶೋಕ, ಭಯ, ಕ್ರೋಧ, ಸುಖವಿಲ್ಲದ ಹಾಸಿಗೆ ಮತ್ತು ನಿದ್ದೆಗೇಡು ಇರುವವರಿಗೆ ಅದು ಜೀರ್ಣವಾಗದು ಎಂದು ಆಚಾರ್ಯರು ಹೇಳಿದ್ದಾರೆ. ವಿದ್ಯಾರ್ಥಿದೆಸೆಯಲ್ಲಿ ಈ ಶ್ಲೋಕವನ್ನು ಕಂಠಪಾಠ ಮಾಡಿದ್ದೆವು. ಕಂಠದಲ್ಲಿದ್ದದ್ದು ಆ ದಿನ ನೆನಪಿಗೆ ಬರಲಿಲ್ಲ, ಅಷ್ಟೆ.

ಹೋಲಿಕೆ ಹೊಸ ರೋಗವೇನಲ್ಲ. ಮನುಷ್ಯನು ತನ್ನ ಯೋಗ್ಯತೆಯನ್ನು ತನ್ನಂಥವರೊಡನೆ ಇಟ್ಟು ನೋಡಿಯೇ ಅಳೆಯುತ್ತಾನೆಂದು ಅಮೆರಿಕದ ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ 1954ರಲ್ಲಿಯೇ ಬರೆದರು. ನಮ್ಮ ಹಿರಿಯರೂ ಹೋಲಿಸಿಕೊಂಡರು; ಆದರೆ ಅದಕ್ಕೆ ಜಾತ್ರೆಯೋ ಮದುವೆಯೋ ಬರಬೇಕಿತ್ತು. ಒಡವೆ ಹಾಕಿಕೊಂಡು ಬಂದವರ ಮನೆಯ ಸಾಲ, ಸೊಸೆಯ ಮುನಿಸು, ಮಗನ ಕುಡಿತ ಎಲ್ಲವೂ ಊರಿಗೆ ಗೊತ್ತಿರುತ್ತಿತ್ತಾದ್ದರಿಂದ ಒಡವೆಯ ತೂಕ ತಾನಾಗಿಯೇ ಇಳಿಯುತ್ತಿತ್ತು. ಫೋನಿನಲ್ಲಿ ಒಡವೆ ಮಾತ್ರ ಕಾಣುತ್ತದೆ. ಅದೂ ಮಧ್ಯರಾತ್ರಿ, ಹಾಸಿಗೆಯಲ್ಲಿ ಒಬ್ಬರೇ ಇರುವಾಗ.

ಕೊಡಗಿನಲ್ಲಿ ಇದಕ್ಕೊಂದು ವಿಚಿತ್ರ ತಿರುವಿದೆ. ವಾರಾಂತ್ಯದಲ್ಲಿ ಬೆಂಗಳೂರಿನ ಯುವಜನರು ಮಾಂದಲಪಟ್ಟಿಗೆ ಜೀಪು ಹತ್ತಿ, ಮಂಜಿನ ನಡುವೆ ನಿಂತು ಚಿತ್ರ ತೆಗೆದು, ಸೋಮವಾರ ಬೆಳಗ್ಗೆ ಕಚೇರಿಯ ದೀಪದಡಿ ಕುಳಿತಿರುತ್ತಾರೆ. ಅವರ ಚಿತ್ರವನ್ನು ಕಂಡು ತನ್ನ ಬದುಕು ಸಪ್ಪೆಯೆಂದು ಕೊರಗುವ ನಮ್ಮ ಹುಡುಗಿ ಅದೇ ಮಂಜಿನಲ್ಲಿ ಪ್ರತಿದಿನ ಹಾಲು ಕರೆಯುತ್ತಾಳೆ.

ಇದು ಹಳ್ಳಿಯ ವೈದ್ಯನ ಕಲ್ಪನೆಯೆಂದು ಯಾರೂ ತಿಳಿಯಬಾರದು. ಇನ್‌ಸ್ಟಾಗ್ರಾಂ ಒಡೆತನದ ಸಂಸ್ಥೆಯೇ ನಡೆಸಿದ್ದ ಆಂತರಿಕ ಅಧ್ಯಯನದ ಕಡತಗಳು 2021ರ ಸೆಪ್ಟೆಂಬರಿನಲ್ಲಿ ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯಲ್ಲಿ ಬಯಲಾದವು. ತಮ್ಮ ದೇಹದ ಬಗ್ಗೆ ಬೇಸರಗೊಂಡಿದ್ದ ಹದಿಹರೆಯದ ಹುಡುಗಿಯರಲ್ಲಿ ಶೇಕಡಾ 32ರಷ್ಟು ಮಂದಿ, ಇನ್‌ಸ್ಟಾಗ್ರಾಂ ಆ ಬೇಸರವನ್ನು ಇನ್ನಷ್ಟು ಹೆಚ್ಚಿಸಿತೆಂದು ಹೇಳಿದ್ದರು. ಅಂಕಿಗಳನ್ನು ತಪ್ಪಾಗಿ ಅರ್ಥೈಸಲಾಗಿದೆ ಎಂದು ಸಂಸ್ಥೆ ವಾದಿಸಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಂತೂ ತಂತ್ರಜ್ಞಾನದ ಅತಿಬಳಕೆಯಿಂದ ನರಳುವವರಿಗಾಗಿಯೇ 2014ರಿಂದ 'ಶಟ್' ಎಂಬ ಪ್ರತ್ಯೇಕ ಚಿಕಿತ್ಸಾಲಯ ನಡೆಯುತ್ತಿದೆ.

ಮಕ್ಕಳನ್ನಷ್ಟೇ ಹೇಳುವುದು ನ್ಯಾಯವಲ್ಲ. ನಮ್ಮ ಬಿ.ಎ.ಎಂ.ಎಸ್. ಸಹಪಾಠಿಗಳ ವಾಟ್ಸಾಪ್ ಗುಂಪೊಂದಿದೆ. ಒಬ್ಬರು ಪಂಚಕರ್ಮ ರೆಸಾರ್ಟ್ ಕಟ್ಟಿದ್ದಾರೆ, ಒಬ್ಬರು ಜರ್ಮನಿಗೆ ಹೋಗಿ ಶಿರೋಧಾರೆಯ ಮೇಲೆ ಉಪನ್ಯಾಸ ಕೊಟ್ಟು ಬಂದಿದ್ದಾರೆ. ಆ ಚಿತ್ರಗಳನ್ನು ನೋಡಿದ ರಾತ್ರಿ, ಹೆಂಚಿನ ಮನೆಯ ಎರಡು ಕೋಣೆಯಲ್ಲಿ ಕಷಾಯ ಕಟ್ಟಿಕೊಡುತ್ತ ಆಯುಸ್ಸು ಕಳೆದೆವಲ್ಲ ಎಂದು ನಾವೂ ಮಗ್ಗುಲು ಬದಲಿಸಿದ್ದುಂಟು. ಅರವತ್ತು ದಾಟಿದವರಿಗೇ ಹೀಗಾದರೆ ಇಪ್ಪತ್ತರವರ ಗತಿಯೇನು?

ಚರಕರು ತಡೆಯಬಾರದ ವೇಗಗಳನ್ನು ಹೇಳಿದ ಅಧ್ಯಾಯದಲ್ಲಿಯೇ ತಡೆಯಬೇಕಾದ ವೇಗಗಳನ್ನೂ ಹೇಳಿದ್ದಾರೆ. ಮನಸ್ಸಿಗೆ ಸಂಬಂಧಿಸಿದ ಆ ಪಟ್ಟಿಯಲ್ಲಿ ಲೋಭ, ಶೋಕ, ಭಯ, ಕ್ರೋಧಗಳೊಡನೆ ಈರ್ಷ್ಯೆಯೂ ಇದೆ. ಮಲಮೂತ್ರದ ವೇಗದಂತೆ ಈರ್ಷ್ಯೆಯೂ ಒಂದು ವೇಗ. ಅದು ಬರುವುದು ಪಾಪವಲ್ಲ, ಬಂದಾಗ ಹಿಡಿಯಬೇಕು. ಹೇಗೆ? ಮನಸ್ಸನ್ನು ಅಹಿತವಾದ ವಿಷಯಗಳಿಂದ ಹಿಂದಕ್ಕೆ ಎಳೆಯುವ ಚಿಕಿತ್ಸೆಗೆ ಸತ್ತ್ವಾವಜಯವೆಂದು ಹೆಸರು. "ನೋಡಬೇಡ" ಎಂಬ ಉಪದೇಶದಿಂದ ಅದು ಆಗುವುದಿಲ್ಲ. ಈ ತಾಯಿ ಸಿಟ್ಟಿನಿಂದ ಫೋನನ್ನು ಕಿತ್ತಿಟ್ಟಾಗ ಹುಡುಗಿ ಎರಡು ದಿನ ಅನ್ನ ಮುಟ್ಟಲಿಲ್ಲ. ಕೀಳಬೇಡಿ, ಮಾತಾಡಿ ಒಪ್ಪಿಸಿ.

ನಾವು ಮಾಡಿಸಿದ್ದು ಇಷ್ಟು. ರಾತ್ರಿ ಒಂಬತ್ತೂವರೆಗೆ ಮನೆಯವರೆಲ್ಲರ ಫೋನೂ, ಅಪ್ಪನದೂ ಸೇರಿ, ಅಡುಗೆಮನೆಯ ಗೂಡಿನಲ್ಲಿ ಮಲಗಬೇಕು. ಎಬ್ಬಿಸಲು ಹಳೆಯ ಅಲಾರಂ ಗಡಿಯಾರ ಸಾಕು. ಯಾರನ್ನು ನೋಡಿದಾಗ ಹೊಟ್ಟೆಯಲ್ಲಿ ಹಿಡಿದಂತಾಗುತ್ತದೋ ಅಂಥ ನಾಲ್ವರ ಚಿತ್ರಗಳು ಕಣ್ಣಿಗೆ ಬೀಳದಂತೆ ಮರೆಮಾಡುವುದು. ಇದು ಅವರಿಗೆ ತಿಳಿಯುವುದಿಲ್ಲ, ಸ್ನೇಹವೂ ಕೆಡುವುದಿಲ್ಲ. ಮೆಚ್ಚುಗೆಯ ಸಂಖ್ಯೆಯನ್ನು ಅಡಗಿಸಿಡುವ ಅನುಕೂಲವನ್ನು ಇನ್‌ಸ್ಟಾಗ್ರಾಂ 2021ರಲ್ಲಿ ಕೊಟ್ಟಿತು. ಅದನ್ನು ಬಳಸಲು ಹೇಳಿದೆವು. ನಮಗೆ ಆ ಗುಂಡಿ ಎಲ್ಲಿದೆಯೆಂದು ತಿಳಿದಿರಲಿಲ್ಲ, ಆಕೆಯೇ ತೋರಿಸಿದಳು. ಮಲಗುವ ಮುನ್ನ ಉಗುರುಬೆಚ್ಚಗಿನ ಎಳ್ಳೆಣ್ಣೆಯಿಂದ ಹತ್ತು ನಿಮಿಷ ಪಾದಾಭ್ಯಂಗ. ತಾಯಿ ಮಗಳಿಗೆ ತಿಕ್ಕಿದರೆ ಇನ್ನೂ ಒಳ್ಳೆಯದು, ಮಾತು ತಾನಾಗಿ ಬರುತ್ತದೆ. ಎದ್ದು ನಡೆಯುವ ಮುಂಚೆ ಅಂಗಾಲು ಒರೆಸಿಕೊಳ್ಳಬೇಕು. ನಿದ್ರೆಗೆ ಎಮ್ಮೆಯ ಹಾಲು ಉತ್ತಮವೆಂಬುದು ಶಾಸ್ತ್ರದ ಮಾತಾದರೂ, ಅದು ಗುರುವಾದುದರಿಂದ ಹಸಿವು ಮರಳುವವರೆಗೆ ಕೊಡಲಿಲ್ಲ. ಬೆಳಗ್ಗೆ ಅಂಗೈಯಲ್ಲಿ ಮೊದಲು ಇಷ್ಟಲಿಂಗ, ಆಮೇಲೆ ಫೋನು. ಪೂಜೆಯನ್ನು ಬಿಟ್ಟು ವರ್ಷವಾಗಿತ್ತಂತೆ. ಒತ್ತಾಯಿಸದೆ, ಐದು ನಿಮಿಷ ಸುಮ್ಮನೆ ಕುಳಿತು ನೋಡು ಎಂದಷ್ಟೇ ಹೇಳಿದೆವು. ನಿದ್ರೆಗೆಂದು ಅಂಗಡಿಯಿಂದ ಬ್ರಾಹ್ಮಿ, ಅಶ್ವಗಂಧಗಳನ್ನು ತಾವೇ ತಂದು ನುಂಗುವುದನ್ನು ನಾವು ಒಪ್ಪುವುದಿಲ್ಲ.

ಎಲ್ಲ ಪ್ರಕರಣವೂ ಎಣ್ಣೆ, ಗಡಿಯಾರಗಳಲ್ಲಿ ಮುಗಿಯುವುದಿಲ್ಲ. ಎರಡು ವಾರಕ್ಕೂ ಮೀರಿ ಯಾವುದರಲ್ಲಿಯೂ ಆಸಕ್ತಿಯಿಲ್ಲದೆ ಮಂಕಾಗಿ ಕೂರುವವರು, ಊಟ ಬಿಟ್ಟು ಕೃಶರಾಗುವವರು, ಮುಖ್ಯವಾಗಿ "ನಾನಿಲ್ಲದಿದ್ದರೇ ಒಳ್ಳೆಯದಿತ್ತು" ಎನ್ನುವವರು ಮನೆಯಲ್ಲಿದ್ದರೆ ಕಷಾಯ ಕಾಯಿಸುತ್ತ ಕೂರಬೇಡಿ, ನಮ್ಮ ಬಳಿಗೂ ಬರಬೇಡಿ. ನೇರವಾಗಿ ಮಡಿಕೇರಿಯ ಜಿಲ್ಲಾ ಬೋಧಕ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಹೋಗಿ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಮನೋವೈದ್ಯರಲ್ಲಿಗೆ ಹೋದರೆ ಸಂಬಂಧ ಕೂಡಿಬರುವುದಿಲ್ಲವೆಂದು ಹೆದರಿ ಮುಚ್ಚಿಡುವ ಮನೆಗಳನ್ನು ನೋಡಿ ನಾವು ನೊಂದಿದ್ದೇವೆ.

ಆಷಾಢದ ಮಳೆಯಲ್ಲಿ ಮರ ಬಿದ್ದು ಕರೆಂಟು ಹೋಗಿ, ಡೀಸೆಲ್ ಮುಗಿದು ಟವರೂ ನಿಂತು, ಅವರ ಊರು ನಾಲ್ಕು ದಿನ ಕತ್ತಲಲ್ಲಿತ್ತು. ಮೊದಲ ದಿನ ಕೈ ತಾನಾಗಿಯೇ ಫೋನನ್ನು ಹುಡುಕುತ್ತಿತ್ತು, ಮೂರನೆಯ ದಿನ ಮಧ್ಯಾಹ್ನವೇ ಹಸಿವಾಯಿತು ಎಂದು ಹುಡುಗಿ ನಂತರ ಹೇಳಿದಳು. ಟವರು ಬಂದ ರಾತ್ರಿ ಮತ್ತೆ ಒಂದು ಗಂಟೆಯವರೆಗೆ ನೋಡಿದ್ದನ್ನೂ ಮುಚ್ಚಿಡಲಿಲ್ಲ. ಈಗ ವಾರದಲ್ಲಿ ಒಂದೆರಡು ದಿನ ತಪ್ಪುತ್ತಾಳೆ, ಉಳಿದ ದಿನ ಹತ್ತೂವರೆಗೆ ನಿದ್ದೆ. ತೂಕ ಮೂರು ಕಿಲೋ ಏರಿದೆ.

ಕಳೆದ ತಿಂಗಳು ಇಬ್ಬರೂ ಬಂದಿದ್ದರು. ಚೀಟಿ ಬರೆಯುತ್ತಿದ್ದಾಗ ತಾಯಿ ಮೆಲ್ಲಗೆ, "ಅಲ್ಲ ಡಾಕ್ಟ್ರೇ, ಇವಳ ವಾರಿಗೆಯವರೆಲ್ಲ ಬೆಂಗಳೂರು ಸೇರಿದರು. ನಮ್ಮ ಓರಗಿತ್ತಿಯ ಮಗಳು ಕಾರೂ ತಗೊಂಡಳಂತೆ, ಸ್ಟೇಟಸ್‌ನಲ್ಲಿ ನೋಡಿದೆ. ರಾತ್ರಿಯೆಲ್ಲ ನಿದ್ದೆಯೇ ಬರಲಿಲ್ಲ" ಎಂದರು. ಮಗಳು ನಮ್ಮ ಮುಖ ನೋಡಿ ನಕ್ಕಳು. ನಾವು ಮಗಳ ಚೀಟಿಯನ್ನು ಪಕ್ಕಕ್ಕಿಟ್ಟು, "ಕೈ ಕೊಡಿ ತಾಯಿ" ಎಂದು ತಾಯಿಯ ನಾಡಿ ಹಿಡಿದೆವು.