ಮೇವು ಕತ್ತರಿಸುವ ಯಂತ್ರದ ಎಸೆತ: ದೂರ ಕುಗ್ಗುವುದೇಕೆ, ಸರಿಪಡಿಸುವುದು ಹೇಗೆ?

(ಗ್ರಾಮ ಪಂಚಾಯತಿಗಳು, ಹಾಲು ಉತ್ಪಾದಕರ ಸಹಕಾರ ಸಂಘಗಳು, ಸ್ವಸಹಾಯ ಸಂಘಗಳು ಹಾಗೂ ಯಂತ್ರ ಬಳಸುವ ರೈತ ಬಾಂಧವರ ಮಾಹಿತಿಗಾಗಿ)

ಚಾಫ್ ಕಟರ್ ಎಂದೇ ಎಲ್ಲರೂ ಕರೆಯುವ, ಟ್ರ್ಯಾಕ್ಟರ್‌ನಿಂದ ನಡೆಯುವ ಮೇವು ಕತ್ತರಿಸುವ ಯಂತ್ರಕ್ಕೆ ಎರಡು ಕೆಲಸಗಳಿವೆ. ಮೊದಲನೆಯದು ದಂಟನ್ನು ಕತ್ತರಿಸುವುದು. ಎರಡನೆಯದು ಕತ್ತರಿಸಿದ್ದನ್ನು ಟ್ರೇಲರ್‌ಗೆ ಅಥವಾ ರಸಮೇವಿನ ಗುಂಡಿಗೆ ಎಸೆಯುವುದು. ಕತ್ತರಿಸುವ ಕೆಲಸದ ಬಗ್ಗೆ ಎಲ್ಲರೂ ಗಮನ ಕೊಡುತ್ತಾರೆ. ಎಸೆತ ಕುಗ್ಗಿದಾಗ ಮಾತ್ರ, ಬಿದ್ದ ಮೇವನ್ನು ಬುಟ್ಟಿಯಲ್ಲಿ ತುಂಬಿ ಸಾಗಿಸಿದರಾಯಿತು ಎಂದು ಸುಮ್ಮನಾಗುವುದುಂಟು.

ಆದರೆ ಎಸೆತ ಕುಗ್ಗುವುದು ಕೇವಲ ಕೂಲಿಯ ಪ್ರಶ್ನೆಯಲ್ಲ. ದೂರ ಹೋಗಲಾರದ ಮೇವು ಕೊಳವೆಯಲ್ಲಿಯೇ ನಿಲ್ಲುತ್ತದೆ, ಕೊಳವೆ ಕಟ್ಟಿಕೊಳ್ಳುತ್ತದೆ, ಕಟ್ಟಿದ್ದನ್ನು ಬಿಡಿಸಲು ಯಾರೋ ಒಬ್ಬರು ಕೈ ಹಾಕುತ್ತಾರೆ. ಬೆರಳು, ಅಂಗೈ ಕಳೆದುಕೊಳ್ಳುವ ಅವಘಡಗಳಿಗೆ ಇದೂ ಒಂದು ದಾರಿ. ಆದ್ದರಿಂದ ಎಸೆತವನ್ನು ಸುಸ್ಥಿತಿಯಲ್ಲಿಡುವುದು ಸುರಕ್ಷತೆಯ ಮೊದಲ ಹೆಜ್ಜೆಯೆಂದೇ ತಿಳಿಯಬೇಕು. ಇಲ್ಲಿ ಮುಖ್ಯವಾಗಿ ಹೇಳಬೇಕಾದದ್ದು ಒಂದೇ: ಚೆನ್ನಾಗಿ ಎಸೆಯುತ್ತಿದ್ದ ಯಂತ್ರದ ಎಸೆತ ಕುಗ್ಗಿದೆಯೆಂದರೆ ಅದರ ಶಕ್ತಿ ಎಲ್ಲಿಯೋ ಸೋರುತ್ತಿದೆ. ಆ ಸೋರಿಕೆಯನ್ನು ಹುಡುಕಿ ಮುಚ್ಚಬೇಕೇ ಹೊರತು ವೇಗವನ್ನು ಹೆಚ್ಚಿಸಬಾರದು.

ಎಸೆತದ ತತ್ತ್ವ

ಅಲಗುಗಳನ್ನು ಹೊತ್ತ ಭಾರವಾದ ಗಾಲಿಯ ಮೇಲೆಯೇ ಎಸೆಯುವ ಪಟ್ಟಿಗಳೂ ಇರುತ್ತವೆ. ಕತ್ತರಿಸಿದ ತುಂಡುಗಳನ್ನು ಈ ಪಟ್ಟಿಗಳು ಸುತ್ತಲಿನ ಕವಚದ ಗೋಡೆಗುಂಟ ದೂಡಿಕೊಂಡು ಬಂದು ಕೊಳವೆಯ ಬಾಯಿಗೆ ಚಿಮ್ಮಿಸುತ್ತವೆ. 90 ಸೆಂ.ಮೀ. ವ್ಯಾಸದ ಗಾಲಿ ನಿಮಿಷಕ್ಕೆ 600 ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 28 ಮೀಟರ್, ಅಂದರೆ ಗಂಟೆಗೆ ಸುಮಾರು 100 ಕಿ.ಮೀ. ವೇಗದಲ್ಲಿ ಸಾಗುತ್ತಿರುತ್ತದೆ. ಎಸೆಯುವ ಶಕ್ತಿಯು ಈ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ವೇಗ ನೂರಕ್ಕೆ 10ರಷ್ಟು ಇಳಿದರೆ ಶಕ್ತಿ ನೂರಕ್ಕೆ 19ರಷ್ಟು ಇಳಿಯುತ್ತದೆ. ಕಣ್ಣಿಗೆ ಕಾಣದಷ್ಟು ವೇಗ ಕಡಿಮೆಯಾದರೂ ಎಸೆತ ಎದ್ದು ಕಾಣುವಷ್ಟು ಕುಗ್ಗುವುದು ಇದರಿಂದಲೇ.

ಹಿಮದ ನಾಡಿನ ಒಂದು ಪಾಠ

ಇದೇ ತತ್ತ್ವದ ಮೇಲೆ ನಡೆಯುವ ಇನ್ನೊಂದು ಯಂತ್ರ ಕೆನಡಾ, ಅಮೆರಿಕದಂತಹ ಶೀತ ಪ್ರದೇಶಗಳಲ್ಲಿದೆ. ಅಂಗಳ ಹಾಗೂ ರಸ್ತೆಯ ಹಿಮವನ್ನು ಬಾಚಿ ದೂರಕ್ಕೆ ಎಸೆಯುವ ಯಂತ್ರವದು. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಆರ್ಥರ್ ಸಿಕಾರ್ ಎಂಬವರು 1925ರಲ್ಲಿ ಅದನ್ನು ರೂಪಿಸಿದರು. ಹೊಲದಲ್ಲಿ ಕೆಲಸ ಮಾಡುತ್ತಿದ್ದ ಧಾನ್ಯ ಒಕ್ಕುವ ಯಂತ್ರವೇ ಅವರಿಗೆ ಪ್ರೇರಣೆಯಾಯಿತೆಂದು ಹೇಳಲಾಗುತ್ತದೆ. ಸಣ್ಣ ಟ್ರ್ಯಾಕ್ಟರ್‌ಗೆ ಜೋಡಿಸುವ ಇಂತಹ ಯಂತ್ರಗಳು ಹಳತಾದಂತೆ ಹಸಿ ಹಿಮವನ್ನು ದೂರ ಎಸೆಯಲಾರದೆ ಕೊಳವೆ ಕಟ್ಟಿಕೊಳ್ಳುತ್ತದೆ. ಅಲ್ಲಿನ ಬಳಕೆದಾರರು ಅದಕ್ಕೆ ದೊಡ್ಡ ಎಂಜಿನ್ ಕೂರಿಸುವುದಿಲ್ಲ; ತಿರುಗುವ ಪಟ್ಟಿಗಳ ಅಂಚಿಗೆ ದಪ್ಪ ರಬ್ಬರಿನ ತುಂಡುಗಳನ್ನು ಬಿಗಿದು, ಪಟ್ಟಿಗೂ ಕವಚಕ್ಕೂ ನಡುವಿನ ಸಂದನ್ನು ಮುಚ್ಚುತ್ತಾರೆ. ಸಂದಿನಲ್ಲಿ ಹಿಂದಕ್ಕೆ ಜಾರುತ್ತಿದ್ದ ಹಿಮವೆಲ್ಲ ಮುಂದಕ್ಕೆ ಹೋಗುತ್ತದೆ, ಎಸೆತ ಹೆಚ್ಚುತ್ತದೆ.

ನಾವು ಈ ತತ್ತ್ವವನ್ನು ಸ್ವೀಕರಿಸಬೇಕು, ವಿಧಾನವನ್ನಲ್ಲ. ಮೇವಿನ ಯಂತ್ರದಲ್ಲಿ ಅದೇ ಗಾಲಿಯ ಮೇಲೆ ಅಲಗುಗಳೂ ಇರುವುದರಿಂದ ರಬ್ಬರ್ ಕಟ್ಟುವುದು ಸಲ್ಲದು. ಹರಿದ ರಬ್ಬರ್, ಸಡಿಲವಾದ ಬೋಲ್ಟ್ ಮೇವಿನಲ್ಲಿ ಸೇರಿದರೆ ರಾಸುಗಳ ಹೊಟ್ಟೆ ಸೇರುತ್ತವೆ. ನುಂಗಿದ ಲೋಹದ ಚೂಪು ಚೂರು ಹೊಟ್ಟೆಯ ಗೋಡೆಯನ್ನು ಚುಚ್ಚಿ, ಹೃದಯದ ಪೊರೆಯವರೆಗೂ ತಲುಪಿ ಪ್ರಾಣಕ್ಕೆ ಎರವಾಗಬಲ್ಲದು.

ಪರಿಶೀಲನೆಯ ಕ್ರಮ

ಎಸೆತ ಕುಗ್ಗಿದಾಗ ಕೆಳಗಿನ ಅಂಶಗಳನ್ನು ಇದೇ ಕ್ರಮದಲ್ಲಿ ಪರಿಶೀಲಿಸುವುದು ಸೂಕ್ತ. ಮೊದಲಿನವಕ್ಕೆ ಖರ್ಚಿಲ್ಲ; ನಂತರದವಕ್ಕೆ ಅಲ್ಪ ಖರ್ಚುಂಟು.

1. ಸುತ್ತುವ ವೇಗ: ಟ್ರ್ಯಾಕ್ಟರ್‌ನ ಪಿ.ಟಿ.ಓ. ದಂಡವು ನಿಮಿಷಕ್ಕೆ 540 ಸುತ್ತು ತಿರುಗುವಂತೆ ಎಂಜಿನ್ ವೇಗವನ್ನು ಇರಿಸಬೇಕು. ಹಲವು ಟ್ರ್ಯಾಕ್ಟರ್‌ಗಳ ಮೀಟರಿನಲ್ಲಿ ಇದರ ಗುರುತಿರುತ್ತದೆ. ಡೀಸೆಲ್ ಉಳಿಸಲೆಂದು ಆ ಗುರುತಿಗಿಂತ ಕೆಳಗೆ ನಡೆಸಿದರೆ ಎಸೆತ ಕುಗ್ಗಿ, ಕೊಳವೆ ಕಟ್ಟಿ, ಉಳಿದ ಡೀಸೆಲ್‌ಗಿಂತ ಹೆಚ್ಚಿನ ಹೊತ್ತು ನಷ್ಟವಾಗುತ್ತದೆ.

2. ಬೆಲ್ಟ್: ಬೆಲ್ಟಿನಿಂದ ನಡೆಯುವ ಯಂತ್ರದಲ್ಲಿ ಬೆಲ್ಟ್ ಜಾರಿದರೆ ಎಂಜಿನ್ ಪೂರ್ಣ ವೇಗದಲ್ಲಿದ್ದರೂ ಗಾಲಿ ನಿಧಾನವಾಗುತ್ತದೆ. ಸುಟ್ಟ ರಬ್ಬರಿನ ವಾಸನೆ, ಬೆಲ್ಟಿನ ಮೈ ಗಾಜಿನಂತೆ ಹೊಳೆಯುವುದು, ಪುಲ್ಲಿ ವಿಪರೀತ ಬಿಸಿಯಾಗುವುದು ಇದರ ಲಕ್ಷಣಗಳು. ಎರಡು ಮೂರು ಬೆಲ್ಟ್‌ಗಳಿದ್ದರೆ ಒಂದನ್ನು ಮಾತ್ರ ಬದಲಿಸದೆ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕು. ಇಲ್ಲವಾದರೆ ಹೊಸದೊಂದೇ ಭಾರವನ್ನೆಲ್ಲ ಹೊತ್ತು ಬೇಗನೆ ಸವೆಯುತ್ತದೆ.

3. ಅಲಗುಗಳು: ಮೊಂಡಾದ ಅಲಗು ದಂಟನ್ನು ಕತ್ತರಿಸದೆ ಜಜ್ಜಿ ಸೀಳುತ್ತದೆ. ಗಾಲಿಯ ಶಕ್ತಿ ಅಲ್ಲಿಯೇ ವ್ಯಯವಾಗುತ್ತದೆ. ಸೀಳಿದ ಉದ್ದನೆಯ ಎಳೆಗಳು ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಅಲಗನ್ನು ಸಾಣೆ ಹಿಡಿದ ಬಳಿಕ, ಎದುರಿಗಿರುವ ಸ್ಥಿರ ಉಕ್ಕಿನ ಅಂಚಿಗೂ ಅದಕ್ಕೂ ನಡುವಿನ ಅಂತರವನ್ನು ತಯಾರಕರ ಕೈಪಿಡಿಯಂತೆ ಹೊಂದಿಸಬೇಕು.

4. ಪಟ್ಟಿ ಮತ್ತು ಕವಚದ ನಡುವಿನ ಸಂದು: ಹಳೆಯ ಯಂತ್ರಗಳಲ್ಲಿ ಬಹಳಷ್ಟು ಎಸೆತ ಸೋರುವುದು ಇಲ್ಲಿಯೇ. ಪಟ್ಟಿಯ ಅಂಚು ಸವೆದಂತೆ ಗಾಳಿಯೂ ಮೇವೂ ಸಂದಿನಲ್ಲಿ ಹಿಂದಕ್ಕೆ ನುಸುಳುತ್ತವೆ. ಪಟ್ಟಿಯ ತೂತುಗಳು ಉದ್ದವಾಗಿದ್ದರೆ ಬೋಲ್ಟ್ ಸಡಿಲಿಸಿ, ಪಟ್ಟಿಯನ್ನು ಹೊರಕ್ಕೆ ಸರಿಸಿ, ಕೈಪಿಡಿಯಲ್ಲಿರುವ ಅಂತರಕ್ಕೆ ತಂದು ಬಿಗಿಯಬಹುದು. ಪೂರ್ತಿ ಸವೆದಿದ್ದರೆ ಎಲ್ಲ ಪಟ್ಟಿಗಳನ್ನೂ ಸಮತೂಕದ ಹೊಸವುಗಳಿಂದ ಬದಲಿಸಬೇಕು. ಒಂದನ್ನೇ ಬದಲಿಸಿದರೆ ಗಾಲಿಯ ಸಮತೋಲ ತಪ್ಪಿ ಬೇರಿಂಗ್ ಹಾಳಾಗುತ್ತದೆ. ಜೋಡಿಸಿದ ಮೇಲೆ ಎಂಜಿನ್ ಆರಿಸಿದ ಸ್ಥಿತಿಯಲ್ಲಿಯೇ ಗಾಲಿಯನ್ನು ನಿಧಾನವಾಗಿ ಒಂದು ಪೂರ್ಣ ಸುತ್ತು ತಿರುಗಿಸಿ, ಎಲ್ಲಿಯೂ ತಾಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

5. ಕೊಳವೆ: ಒಣಗಿ ಅಂಟಿದ ರಸ, ತುಕ್ಕು, ನೆಗ್ಗಿದ ಭಾಗ, ಜೋಡಣೆಯ ಒಳ ಅಂಚು ಇವೆಲ್ಲ ಮೇವಿನ ವೇಗವನ್ನು ತಡೆಯುತ್ತವೆ. ದಿನದ ಕೆಲಸ ಮುಗಿದೊಡನೆ, ಯಂತ್ರ ಪೂರ್ತಿ ನಿಂತ ಮೇಲೆ, ಒಳಭಾಗವನ್ನು ನೀರಿನಿಂದ ತೊಳೆದು ಒಣಗಿಸಬೇಕು. ಹಳೆಯ ಎಂಜಿನ್ ಆಯಿಲ್ ಸವರಬಾರದು. ಅದು ಮೇವಿಗೆ ಸೇರುತ್ತದೆ. ಕೊಳವೆಯನ್ನು ಅಗತ್ಯಕ್ಕಿಂತ ಮೇಲಕ್ಕೆ ತಿರುಗಿಸಿದರೆ ಎತ್ತರಕ್ಕೆ ವ್ಯಯವಾದ ಶಕ್ತಿ ದೂರಕ್ಕೆ ಸಿಗುವುದಿಲ್ಲ. ಟ್ರೇಲರನ್ನು ಗಾಳಿ ಬೀಸುವ ದಿಕ್ಕಿನಲ್ಲಿ ನಿಲ್ಲಿಸುವುದು ಖರ್ಚಿಲ್ಲದ ಉಪಾಯ.

6. ಮೇವಿನ ಹದ: ತೀರ ಎಳೆಯ, ನೀರು ತುಂಬಿದ ದಂಟು ಅಂಟುತ್ತದೆ. ತೀರ ಒಣಗಿದ ಹುಲ್ಲು ಹಗುರವಾದ್ದರಿಂದ ಗಾಳಿಯಲ್ಲಿ ಬೇಗನೆ ವೇಗ ಕಳೆದುಕೊಳ್ಳುತ್ತದೆ. ರಸಮೇವಿಗೆ ಬೇಕಾದ ತೇವಾಂಶ ಶೇ. 65ರಿಂದ 70. ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟಾಗ ರಸ ತೊಟ್ಟಿಕ್ಕದೆ ಉಂಡೆ ನಿಧಾನವಾಗಿ ಬಿಚ್ಚಿಕೊಂಡರೆ ಹದ ಸರಿಯಾಗಿದೆ. ಈ ಹದದ ಮೇವು ಚೆನ್ನಾಗಿ ಹುದುಗುವುದಲ್ಲದೆ ಕೊಳವೆಯಲ್ಲಿಯೂ ಸರಾಗವಾಗಿ ಸಾಗುತ್ತದೆ.

7. ಉಣಿಸುವ ರೀತಿ: ದೊಡ್ಡ ಕಟ್ಟನ್ನು ಒಮ್ಮೆಲೇ ತುರುಕಿದರೆ ಗಾಲಿಯ ವೇಗ ಕುಸಿಯುತ್ತದೆ. ಒಂದೇ ಪ್ರಮಾಣದಲ್ಲಿ, ಬಿಡುವಿಲ್ಲದೆ ಉಣಿಸಬೇಕು. ಯಂತ್ರದ ಸದ್ದು ತಗ್ಗಿದೊಡನೆ ಉಣಿಸುವುದನ್ನು ಕ್ಷಣಕಾಲ ನಿಲ್ಲಿಸಬೇಕು.

ವೇಗ ಹೆಚ್ಚಿಸುವುದೇಕೆ ಬೇಡ

ಪುಲ್ಲಿ ಬದಲಿಸಿ ಗಾಲಿಯನ್ನು ಜೋರಾಗಿ ತಿರುಗಿಸಿದರೆ ಎಸೆತ ಹೆಚ್ಚುವುದು ನಿಜ. ಆದರೆ ವೇಗ ನೂರಕ್ಕೆ 20ರಷ್ಟು ಹೆಚ್ಚಿದರೆ ಅಲಗಿನ ಬೋಲ್ಟುಗಳ ಮೇಲಿನ ಎಳೆತ ನೂರಕ್ಕೆ 44ರಷ್ಟು ಹೆಚ್ಚುತ್ತದೆ. ಗಾಳಿಯನ್ನು ದೂಡಲು ಬೇಕಾದ ಶಕ್ತಿ ನೂರಕ್ಕೆ 70ಕ್ಕೂ ಹೆಚ್ಚು ಏರುತ್ತದೆ. ಕಳಚಿದ ಅಲಗು ಕವಚವನ್ನು ಸೀಳಿ ಹೊರಬಂದರೆ ಎದುರಿಗಿದ್ದವರು ತಪ್ಪಿಸಿಕೊಳ್ಳುವುದು ಅಸಾಧ್ಯ. ಯಂತ್ರದ ಫಲಕದ ಮೇಲೆ ತಯಾರಕರು ನಮೂದಿಸಿದ ವೇಗವನ್ನು ಯಾವ ಕಾರಣಕ್ಕೂ ಮೀರತಕ್ಕದ್ದಲ್ಲ.

ಕೊಳವೆ ಕಟ್ಟಿದಾಗ

ಪಿ.ಟಿ.ಓ. ಬಿಡಿಸಿ, ಎಂಜಿನ್ ಆರಿಸಿ, ಕೀಲಿಯನ್ನು ಕಟ್ಟು ಬಿಡಿಸುವವರೇ ತಮ್ಮ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಗಾಲಿ ಭಾರವಾದ್ದರಿಂದ ಎಂಜಿನ್ ನಿಂತ ಮೇಲೂ ಕೆಲಕಾಲ ತಿರುಗುತ್ತಲೇ ಇರುತ್ತದೆ. ಅದು ಪೂರ್ತಿ ನಿಂತಿತೆಂದು ಕಣ್ಣಾರೆ ಕಂಡ ನಂತರವೇ ಕವಚ ತೆರೆಯಬೇಕು. ಕಟ್ಟನ್ನು ಬಿಡಿಸಲು ಕೈಯನ್ನಲ್ಲ, ಕೋಲನ್ನು ಬಳಸಬೇಕು. ನಿಮಿಷಕ್ಕೆ 540 ಸುತ್ತೆಂದರೆ ಸೆಕೆಂಡಿಗೆ 9 ಸುತ್ತು. ಸೆರಗು ಅಥವಾ ಟವೆಲು ಪಿ.ಟಿ.ಓ. ದಂಡಕ್ಕೆ ಸಿಕ್ಕರೆ ಕೂಗುವಷ್ಟು ಹೊತ್ತೂ ಉಳಿಯುವುದಿಲ್ಲ. ದಂಡದ ಮೇಲಿನ ರಕ್ಷಣಾ ಕವಚವಿಲ್ಲದೆ ಯಂತ್ರವನ್ನು ಚಾಲನೆ ಮಾಡಬಾರದು. ಮಕ್ಕಳನ್ನು ಹತ್ತಿರ ಬಿಡಬಾರದು.

ಪಂಚಾಯತಿಗಳು ಕೈಗೊಳ್ಳಬಹುದಾದ ಕ್ರಮ

ಸಾಮೂಹಿಕ ಬಳಕೆಯ ಪ್ರತಿ ಯಂತ್ರಕ್ಕೂ ಒಂದು ಪುಸ್ತಕವನ್ನಿಟ್ಟು, ಅಲಗು ಸಾಣೆ ಹಿಡಿದ, ಬೆಲ್ಟ್ ಬದಲಿಸಿದ ಹಾಗೂ ಪಟ್ಟಿಯ ಸಂದನ್ನು ಅಳೆದ ದಿನಾಂಕಗಳನ್ನು ಬರೆದಿಡುವುದು ಒಳ್ಳೆಯದು. ಯಂತ್ರ ಹೊಸದಿದ್ದಾಗ ಮೇವು ಎಷ್ಟು ದೂರ ಬೀಳುತ್ತಿತ್ತೆಂಬುದನ್ನು ಹೆಜ್ಜೆಯಲ್ಲಿ ಅಳೆದು ಮೊದಲ ಪುಟದಲ್ಲಿ ನಮೂದಿಸಿದರೆ, ಮುಂದೆ ಎಸೆತ ಕುಗ್ಗಿದ್ದು ಯಾವ ಉಪಕರಣವೂ ಇಲ್ಲದೆ ತಿಳಿಯುತ್ತದೆ. ಅಂದು ಅಳೆದ ದೂರಕ್ಕಿಂತ ಎರಡು ಹೆಜ್ಜೆ ಕಡಿಮೆ ಬಿದ್ದ ದಿನವೇ ಯಂತ್ರ ನಿಲ್ಲಿಸಿ ಪರಿಶೀಲಿಸಿ. ಕೊಳವೆ ಕಟ್ಟುವವರೆಗೆ ಕಾಯಬೇಡಿ.