ಎರಡು ಲಕ್ಷ ಜನರ ಮೌನ

1950ನೆಯ ಇಸವಿ ಜುಲೈ 16, ಭಾನುವಾರ. ಬ್ರೆಜಿಲ್ ದೇಶದ ಬೌರು ಎಂಬ ಊರಿನಲ್ಲಿ ಒಬ್ಬ ಬಡ ಫುಟ್‌ಬಾಲ್ ಆಟಗಾರನ ಮನೆ. ಅಂದು ಅಲ್ಲಿ ಹಬ್ಬದ ಸಡಗರ. ಗೆಳೆಯರೂ ನೆರೆಹೊರೆಯವರೂ ಬಾನುಲಿಯ ಪೆಟ್ಟಿಗೆಯನ್ನು ಸುತ್ತುವರಿದು ಕುಳಿತಿದ್ದರು. ನೂರಾರು ಮೈಲಿ ದೂರದ ರಿಯೊ ಡಿ ಜನೈರೊ ನಗರದಲ್ಲಿ ವಿಶ್ವಕಪ್ ಪಂದ್ಯಾವಳಿಯ ಕೊನೆಯ ಆಟ ನಡೆಯುತ್ತಿದ್ದಿತು. ಮನೆಯೊಡೆಯನ ಒಂಬತ್ತು ವರ್ಷದ ಮಗ ಹೊರಗೆ ಆಡುತ್ತಿದ್ದವನು ಸಂಜೆ ಒಳಗೆ ಬಂದು ನೋಡುತ್ತಾನೆ: ನಗುವಿಲ್ಲ, ಮಾತಿಲ್ಲ, ತಂದೆ ಕಣ್ಣೀರು ಸುರಿಸುತ್ತಿದ್ದಾನೆ! ತಂದೆ ಅತ್ತುದನ್ನು ಹುಡುಗ ಅದುವರೆಗೆ ಕಂಡವನಲ್ಲ.

ಆ ಸಂಜೆ ಬ್ರೆಜಿಲ್ಲಿನ ಅಸಂಖ್ಯಾತ ಮನೆಗಳಲ್ಲಿ ಇದೇ ದೃಶ್ಯ. ಆ ದೇಶದಲ್ಲಿ ದೂರದರ್ಶನ ಪ್ರಸಾರ ಆರಂಭವಾದುದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಆದುದರಿಂದ ಕ್ರೀಡಾಂಗಣದ ಹೊರಗಿದ್ದ ಇಡೀ ದೇಶ ಈ ಆಟವನ್ನು ಕಣ್ಣಿನಿಂದ ಕಂಡುದಲ್ಲ, ಕಿವಿಯಿಂದ ಕೇಳಿದುದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಒಬ್ಬ ಮನುಷ್ಯನ ಬಾಳಿನಲ್ಲಿ ನಡೆದುದಕ್ಕೆಲ್ಲ ಇದೇ ಹಿನ್ನೆಲೆ.

ಮೊದಲೇ ಮುಗಿದ ವಿಜಯೋತ್ಸವ

ಎರಡನೆಯ ಮಹಾಯುದ್ಧದ ಕಾರಣದಿಂದ ಹನ್ನೆರಡು ವರ್ಷ ನಿಂತುಹೋಗಿದ್ದ ವಿಶ್ವಕಪ್ ಪಂದ್ಯಾವಳಿಗೆ ಆ ವರ್ಷ ಬ್ರೆಜಿಲ್ ಆತಿಥೇಯ. ಅದಕ್ಕಾಗಿಯೇ ರಿಯೊ ನಗರದಲ್ಲಿ ಮರಕಾನ ಎಂಬ ಬೃಹತ್ ಕ್ರೀಡಾಂಗಣ ತಲೆಯೆತ್ತಿತ್ತು. ಭಾರತವೂ ಸೇರಿದಂತೆ ಕೆಲವು ದೇಶಗಳು ಹಿಂದೆ ಸರಿದುದರಿಂದ ಕಣದಲ್ಲಿ ಉಳಿದವು ಹದಿಮೂರು ತಂಡಗಳು ಮಾತ್ರ.

ಆ ಸಲ ಅಂತಿಮ ಪಂದ್ಯವೆಂಬುದೇ ಇರಲಿಲ್ಲ. ನಾಲ್ಕು ಗುಂಪುಗಳಲ್ಲಿ ಗೆದ್ದ ನಾಲ್ಕು ತಂಡಗಳು ಪರಸ್ಪರ ಆಡಿ, ಹೆಚ್ಚು ಅಂಕ ಗಳಿಸಿದವರಿಗೆ ಕಪ್ಪು ಸಲ್ಲಬೇಕೆಂಬ ಏರ್ಪಾಡು. ಬ್ರೆಜಿಲ್ ತಂಡ ಸ್ವೀಡನ್ನನ್ನು 7-1ರಿಂದಲೂ ಸ್ಪೇನನ್ನು 6-1ರಿಂದಲೂ ಸದೆಬಡಿಯಿತು. ಉರುಗ್ವೆ ತಂಡವಾದರೋ ಸ್ಪೇನಿನೊಡನೆ 2-2ರಲ್ಲಿ ಸಮ ಮಾಡಿಕೊಂಡು, ಸ್ವೀಡನ್ನನ್ನು 3-2ರಿಂದ ಪ್ರಯಾಸಪಟ್ಟು ಗೆದ್ದಿತ್ತು. ಇವೆರಡೂ ಎದುರಾದ ಕಡೆಯ ಆಟದಲ್ಲಿ ಬ್ರೆಜಿಲ್ ಗೆಲ್ಲಬೇಕಾದ ಅಗತ್ಯವೂ ಇರಲಿಲ್ಲ. ಸಮಮಾಡಿಕೊಂಡರೆ ಸಾಕು, ಕಪ್ಪು ಕೈಸೇರುವುದು.

ಇನ್ನು ಸಂಭ್ರಮಕ್ಕೆ ತಡೆಯೆಲ್ಲಿ? ಆಟಕ್ಕೆ ಮೊದಲೇ ಪತ್ರಿಕೆಯೊಂದು ತಂಡದ ಚಿತ್ರವನ್ನಚ್ಚಿಸಿ 'ಇವರೇ ವಿಶ್ವವಿಜೇತರು' ಎಂದು ಸಾರಿತು. ರಿಯೊ ನಗರದ ಮೇಯರರು ಮೈದಾನದಲ್ಲಿಯೇ ಆಟಗಾರರನ್ನು ವಿಜಯಿಗಳೆಂದು ಸಂಬೋಧಿಸಿ ಭಾಷಣ ಮಾಡಿದರು. ಟಿಕೆಟು ಕೊಂಡು ಒಳಹೊಕ್ಕವರೇ 1,73,850 ಮಂದಿ. ಒಟ್ಟು ಜನಸಂದಣಿ ಎರಡು ಲಕ್ಷದ ಸಮೀಪವಿದ್ದಿತೆಂದು ಅಂದಾಜು.

ಅರ್ಧ ಹೆಜ್ಜೆ

ಮೊದಲರ್ಧದಲ್ಲಿ ಯಾರೂ ಗೋಲು ಹೊಡೆಯಲಿಲ್ಲ. ವಿರಾಮ ಕಳೆದು ಎರಡು ನಿಮಿಷದೊಳಗೆ ಬ್ರೆಜಿಲ್ಲಿನ ಫ್ರಿಯಾಸ ಗೋಲು ಹೊಡೆದಾಗ ಕ್ರೀಡಾಂಗಣ ಗುಡುಗಿತು. ಆಗ ಉರುಗ್ವೆಯ ನಾಯಕ ಒಬ್ದುಲಿಯೊ ವರೇಲ ಒಂದು ಉಪಾಯ ಹೂಡಿದ. ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು, ಅವಸರವೇ ಇಲ್ಲದವನಂತೆ ನಡೆದು, ಇಂಗ್ಲಿಷ್ ರೆಫರಿಯೊಡನೆ ವಾದಕ್ಕೆ ನಿಂತ. ಗೋಲು ರದ್ದಾಗದೆಂಬುದು ಅವನಿಗೂ ಗೊತ್ತು. ಬೇಕಾಗಿದ್ದುದು ಆ ಗರ್ಜನೆ ತುಸು ಇಳಿಯುವಷ್ಟು ಹೊತ್ತು, ಅಷ್ಟೆ.

ಅರುವತ್ತಾರನೆಯ ನಿಮಿಷದಲ್ಲಿ ಉರುಗ್ವೆಯ ಗಿಜ್ಜಿಯ ಬಲ ಅಂಚಿನಲ್ಲಿ ಮಿಂಚಿನಂತೆ ನುಗ್ಗಿ ಚೆಂಡನ್ನು ನಡುವಿಗೆ ಒದ್ದ. ಸ್ಕಿಯಾಫಿನೊ ಅದನ್ನು ಗೋಲಾಗಿಸಿದ. 1-1. ಹೀಗೆಯೇ ಮುಗಿದಿದ್ದರೂ ಕಪ್ಪು ಬ್ರೆಜಿಲ್ಲಿನದೇ.

ಎಪ್ಪತ್ತೊಂಬತ್ತನೆಯ ನಿಮಿಷದಲ್ಲಿ ಗಿಜ್ಜಿಯ ಮತ್ತೆ ಅದೇ ಅಂಚಿನಲ್ಲಿ ಬಂದ. ಈ ಸಲವೂ ಚೆಂಡು ನಡುವಿಗೇ ಬರುವುದೆಂದು ಬ್ರೆಜಿಲ್ಲಿನ ಗೋಲು ಕಾವಲುಗಾರ ಬಾರ್ಬೋಸ ಎಣಿಸಿ, ಅತ್ತ ಅರ್ಧ ಹೆಜ್ಜೆ ಸರಿದ. ಅವನ ಎಣಿಕೆ ಅವಿವೇಕದ್ದಲ್ಲ. ಹಿಂದಿನ ಗೋಲು ಬಂದುದು ಹಾಗೆಯೇ. ಗಿಜ್ಜಿಯನಾದರೋ ಅವನಿಗೂ ಗೋಲುಕಂಬಕ್ಕೂ ನಡುವೆ ತೆರೆದ ಕಿರಿದಾದ ಸಂದಿನಲ್ಲಿ ಚೆಂಡನ್ನು ತೂರಿಬಿಟ್ಟ.

ಎರಡು ಲಕ್ಷ ಕಂಠಗಳು ಒಮ್ಮೆಗೇ ನಿಂತುಹೋದವು. ಬಾನುಲಿಯಲ್ಲಿ ವಿವರಣೆ ನೀಡುತ್ತಿದ್ದ ಲೂಯಿಸ್ ಮೆಂಡಿಸ್ 'ಉರುಗ್ವೆಯ ಗೋಲು' ಎಂಬ ಒಂದೇ ಮಾತನ್ನು ಬಗೆಬಗೆಯ ದನಿಯಲ್ಲಿ ಮತ್ತೆ ಮತ್ತೆ ಉಚ್ಚರಿಸಿದ. ತಾನು ಕಂಡುದನ್ನು ಅವನಿಗೇ ನಂಬಲಾಗಿರಲಿಲ್ಲ.

ಕಪ್ಪು ಪ್ರದಾನ ಮಾಡಬೇಕಾಗಿದ್ದ ಜೂಲ್ಸ್ ರಿಮೆ ಅವರು ಆಟ 1-1ರಲ್ಲಿದ್ದಾಗ ಆಸನದಿಂದೆದ್ದು ಮೈದಾನದತ್ತ ಇಳಿಯತೊಡಗಿದ್ದರು. ಕೆಳಗೆ ಬಂದಾಗ ಅವರನ್ನು ಎದುರ್ಗೊಂಡುದು ಮೌನ. ಸಮಾರಂಭವಿಲ್ಲ, ಗೌರವ ಪಂಕ್ತಿಯಿಲ್ಲ. ಸಿದ್ಧಪಡಿಸಿದ್ದ ಭಾಷಣ ಕಿಸೆಯಲ್ಲಿಯೇ ಉಳಿಯಿತು. ಗದ್ದಲದ ನಡುವೆ ವರೇಲನನ್ನು ಹುಡುಕಿ ಕಪ್ಪನ್ನು ಅವನ ಕೈಗಿತ್ತರು. ಅಂದಿನ ರಾತ್ರಿ ವರೇಲ ರಿಯೊ ನಗರದ ಪಾನಗೃಹಗಳಲ್ಲಿ, ಅಳುತ್ತಿದ್ದ ಬ್ರೆಜಿಲಿಯನರ ನಡುವೆಯೇ ಕುಳಿತು ಕಳೆದನಂತೆ. ಗೆದ್ದವನಿಗೆ ಸೋತವರನ್ನು ಕಂಡು ಕರುಳು ಕರಗಿತು.

ತೀರದ ದಂಡ

ಆದರೆ ಸೋತವರಿಗೆ ತಮ್ಮವನ ಮೇಲೆ ಕರುಣೆ ಹುಟ್ಟಲಿಲ್ಲ. ದುಃಖಕ್ಕೆ ಒಂದು ಹೆಸರು ಬೇಕಾಗಿತ್ತು. ಬಾನುಲಿ ಅದನ್ನು ಮನೆಮನೆಗೂ ಮುಟ್ಟಿಸಿತ್ತು. ಆ ಅರ್ಧ ಹೆಜ್ಜೆಯನ್ನು ಕಣ್ಣಾರೆ ಕಾಣದವರೂ ತೀರ್ಪಿತ್ತರು. ಅಪವಾದ ಬಹುಮಟ್ಟಿಗೆ ಬಿದ್ದುದು ಕರಿಯ ಬಣ್ಣದ ಆಟಗಾರರ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ಬಾರ್ಬೋಸನ ಮೇಲೆ. ಹಿಂದಿನ ವರ್ಷವಷ್ಟೇ ಬ್ರೆಜಿಲ್ಲಿಗೆ ದಕ್ಷಿಣ ಅಮೆರಿಕದ ಪ್ರಶಸ್ತಿ ದೊರೆತಾಗ ಗೋಲು ಕಾಯ್ದವನು ಇವನೇ ಎಂಬುದು ಯಾರ ನೆನಪಿಗೂ ಬರಲಿಲ್ಲ.

ಇಪ್ಪತ್ತು ವರ್ಷಗಳ ಬಳಿಕ ಅಂಗಡಿಯೊಂದರಲ್ಲಿ ಒಬ್ಬ ತಾಯಿ ಅವನನ್ನು ಬೆರಳಿಟ್ಟು ತೋರಿಸಿ, ಇಡೀ ಬ್ರೆಜಿಲ್ಲನ್ನು ಅಳಿಸಿದವನು ಇವನೇ ಎಂದು ಮಗನಿಗೆ ಹೇಳಿದಳು. ಈ ಪ್ರಸಂಗವನ್ನು ಬಾರ್ಬೋಸನೇ ನೊಂದು ನುಡಿದಿದ್ದಾನೆ. ಆಟದಿಂದ ನಿವೃತ್ತನಾದ ಮೇಲೆ ಹೊಟ್ಟೆಪಾಡಿಗಾಗಿ ಅವನು ದುಡಿದುದೂ ಅದೇ ಮರಕಾನದ ಆವರಣದಲ್ಲಿ. 1993ರಲ್ಲಿ ರಾಷ್ಟ್ರೀಯ ತಂಡದ ಶಿಬಿರವನ್ನು ನೋಡಹೋದಾಗ, ಅಪಶಕುನವೆಂದು ಅವನನ್ನು ಹಿಂದಕ್ಕೆ ಕಳುಹಿಸಿದರೆಂದು ವರದಿಯಾಯಿತು. ಬ್ರೆಜಿಲ್ಲಿನ ಕಾನೂನಿನಲ್ಲಿ ಅತಿ ದೀರ್ಘ ಶಿಕ್ಷೆ ಮೂವತ್ತು ವರ್ಷ, ತನ್ನದು ಐವತ್ತು ವರ್ಷವಾಯಿತು ಎಂದು ಅವನು ಹೇಳಿಕೊಂಡುದುಂಟು. 2000ದ ಏಪ್ರಿಲಿನಲ್ಲಿ, ತನ್ನ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಅವನು ಕಣ್ಣುಮುಚ್ಚಿದ.

ಒಂದು ವಾಗ್ದಾನ

ಬೌರುವಿನ ಆ ಹುಡುಗನಾದರೂ ಅಂದು ಏನು ಮಾಡಿದ? ತಂದೆಯ ಬಳಿಗೆ ಹೋಗಿ, "ಅಳಬೇಡಪ್ಪ, ನಿನಗಾಗಿ ಒಂದು ದಿನ ನಾನು ವಿಶ್ವಕಪ್ ಗೆದ್ದು ತರುತ್ತೇನೆ" ಎಂದ. ಮಕ್ಕಳ ಮಾತು, ಯಾರು ಲೆಕ್ಕಕ್ಕಿಡುತ್ತಾರೆ! ಆದರೆ 1958ರ ಜೂನ್ 29ರಂದು ಸ್ವೀಡನ್ನಿನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಬ್ರೆಜಿಲ್ 5-2ರಿಂದ ಗೆದ್ದಾಗ, ಅದರಲ್ಲಿ ಎರಡು ಗೋಲು ಹೊಡೆದ ಹದಿನೇಳು ವರ್ಷದ ತರುಣ ಅವನೇ. ಲೋಕ ಅವನನ್ನು ಪೆಲೆ ಎಂಬ ಹೆಸರಿನಿಂದ ಬಲ್ಲುದು.

ಒಂದೇ ಬಾನುಲಿ, ಒಂದೇ ಸುದ್ದಿ. ಅದನ್ನು ಕೇಳಿದ ಬಾಲಕನೊಬ್ಬ ತಂದೆಯ ಕಣ್ಣೊರೆಸುವ ಹೊಣೆಯನ್ನು ತಾನೇ ಹೊತ್ತ. ಅದನ್ನೇ ಕೇಳಿದ ದೊಡ್ಡವರು ತಮ್ಮ ಕಣ್ಣೀರಿನ ಹೊರೆಯನ್ನು ಇನ್ನೊಬ್ಬನ ತಲೆಯ ಮೇಲಿಟ್ಟರು. ಇಂದಿಗೂ ಪಂದ್ಯಾವಳಿಗಳು ಬರುತ್ತವೆ. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಆಟವನ್ನು ಅನುಸರಿಸುತ್ತಾರೆ. ನಮ್ಮವನೊಬ್ಬ ತಪ್ಪಿದಾಗ ನಾಲಗೆ ತಾನಾಗಿಯೇ ಚುರುಕಾಗುತ್ತದೆ. ಪಕ್ಕದಲ್ಲಿ ಕುಳಿತ ಮಕ್ಕಳು ಅದನ್ನು ಕೇಳಿಸಿಕೊಳ್ಳುತ್ತಾರೆ.

ಪೆಲೆ ಕೊಟ್ಟ ಮಾತು ಎಂಟು ವರ್ಷದಲ್ಲಿ ಸಂದಿತು. ಬಾರ್ಬೋಸನ ದಂಡ ಐವತ್ತು ವರ್ಷವಾದರೂ ತೀರಲಿಲ್ಲ.