ಕಾವಲು ಕ್ಯಾಮೆರಾ: ವೈಫೈಗಿಂತ ಕೇಬಲ್ ಲೇಸು

ಗೋಡೆ ಕೊರೆಯಬೇಕಿಲ್ಲ, ತಂತಿ ಎಳೆಯಬೇಕಿಲ್ಲ ಎಂಬುದೇ ವೈಫೈ ಕ್ಯಾಮೆರಾದ ಆಕರ್ಷಣೆ. ಆದರೆ ಮನೆ ಕಾಯಲೆಂದು ಇಟ್ಟದ್ದು ಬೇಕಾದ ಗಳಿಗೆಯಲ್ಲೇ ಕೈಕೊಟ್ಟರೆ?

ಇಂತಹ ಅಗ್ಗದ ಸಾಧನಗಳಲ್ಲಿ ಬಹುಪಾಲು ನೆಚ್ಚಿರುವುದು 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು. ಅದರಲ್ಲಿ ಒಂದರ ಮೇಲೊಂದು ಬೀಳದಂತೆ ಸಾಮಾನ್ಯವಾಗಿ ಬಳಸಬಹುದಾದ ಚಾನೆಲ್‌ಗಳು 1, 6 ಮತ್ತು 11, ಒಟ್ಟು ಮೂರೇ. ಅಪಾರ್ಟ್‌ಮೆಂಟುಗಳಲ್ಲಿ ನೆರೆಹೊರೆಯ ರೂಟರ್‌ಗಳೆಲ್ಲ ಇವನ್ನೇ ಹಂಚಿಕೊಳ್ಳಬೇಕು. ಒಂದು ಸಾಧನ ಮಾಹಿತಿ ಕಳುಹಿಸುವಾಗ ಅದೇ ಚಾನೆಲ್‌ನ ಉಳಿದವು ಕಾಯಬೇಕು. ಬಲ್ಬಿಗೆ ಈ ವಿಳಂಬ ತಟ್ಟದು. ಎಡೆಬಿಡದೆ ದೃಶ್ಯ ರವಾನಿಸುವ ಕ್ಯಾಮೆರಾಕ್ಕೆ ತಟ್ಟುತ್ತದೆ. ಮೇಲಾಗಿ, ಜಾಮರ್ ಹಿಡಿದ ಕಳ್ಳ ರಸ್ತೆಯಲ್ಲಿ ನಿಂತೇ ವೈಫೈ ಸಂಪರ್ಕ ಕಡಿಯಬಲ್ಲ.

ಈಥರ್ನೆಟ್ ಕೇಬಲ್‌ಗೆ ಈ ಕಾಟವಿಲ್ಲ. ಒಂದೇ ಕೇಬಲ್ 100 ಮೀಟರ್‌ವರೆಗೆ ಮಾಹಿತಿಯನ್ನೂ ವಿದ್ಯುತ್ತನ್ನೂ ಒಯ್ಯುತ್ತದೆ. ‘ಪವರ್ ಓವರ್ ಈಥರ್ನೆಟ್’ ಎಂಬ ಈ ವ್ಯವಸ್ಥೆಗೆ 2003ರಲ್ಲೇ ಮಾನದಂಡ ರೂಪುಗೊಂಡಿದೆ. ನೆಟ್‌ವರ್ಕ್ ಸ್ವಿಚ್ ಮತ್ತು ರೆಕಾರ್ಡರನ್ನು ಯುಪಿಎಸ್‌ಗೆ ಜೋಡಿಸಿದರೆ ಕರೆಂಟು ಹೋದಾಗಲೂ ಚಿತ್ರೀಕರಣ ನಿಲ್ಲದು. ಕೊಳ್ಳುವಾಗ ಮಾತ್ರ ಶುದ್ಧ ತಾಮ್ರದ ಕೇಬಲನ್ನೇ ಕೇಳಬೇಕು. ಅಲ್ಯೂಮಿನಿಯಂಗೆ ತಾಮ್ರ ಲೇಪಿಸಿದ್ದು ಅಗ್ಗವಾದರೂ ವಿದ್ಯುತ್ ಒಯ್ಯಲು ತಕ್ಕುದಲ್ಲ.

ಮನೆ ಕಟ್ಟಿಸುತ್ತಿರುವವರು ಪ್ಲಾಸ್ಟರಿಂಗ್‌ಗೆ ಮೊದಲೇ ಬಾಗಿಲು ಹಾಗೂ ಗೇಟಿನತ್ತ ಖಾಲಿ ಪೈಪ್ ಹಾಯಿಸಿಡುವುದು ಒಳಿತು. ಬಾಡಿಗೆದಾರರಿಗೆ ಹೆಚ್ಚಾಗಿ ವೈಫೈಯೇ ಗತಿ. ಅವರು ಮೆಮೊರಿ ಕಾರ್ಡ್ ಸೌಲಭ್ಯವುಳ್ಳ ಕ್ಯಾಮೆರಾ ಆರಿಸಿಕೊಂಡರೆ ಸಂಪರ್ಕ ಕಡಿದಾಗಲೂ ದೃಶ್ಯ ಅದರಲ್ಲೇ ಉಳಿದೀತು.